ರೆಕ್ಕೆ ಮುಟ್ಟುವ ಕೈ

ಆಗಸ್ಟ್ 12, ಮಂಗಳವಾರ

ಹತ್ತು ವರ್ಷದಲ್ಲಿ ಯಾವ ಯಾವ ದೇಶಕ್ಕೆ ಯಾವ ತಾರೀಖಿಗೆ ಹೋಗಿದ್ದಿರಿ, ಅಲ್ಲಿ ಯಾರನ್ನು ಕಂಡಿರಿ ಎಂದು ಫಾರಂ ಕೇಳುತ್ತದೆ. ನಿನ್ನೆ ಬೆಳಗ್ಗೆ ತಿಂದದ್ದು ಉಪ್ಪಿಟ್ಟೋ ಅವಲಕ್ಕಿಯೋ ನೆನಪಿಲ್ಲದವನಿಗೆ ಇದೆಂಥ ಶಿಕ್ಷೆ! ಅದಕ್ಕೇ ಈ ಡೈರಿ ಕೊಂಡೆ. ಇನ್ನು ಮುಂದೆ ಯಾರಾದರೂ ಕೇಳಿದರೆ ತೆರೆದು ತೋರಿಸಬಹುದು. ತೋರಿಸುವುದಿಲ್ಲ, ಅದು ಬೇರೆ ಮಾತು.

ಇಲ್ಲಿನ ಆಸ್ಟ್ರೇಲಿಯಾ ಸರ್ಕಾರ ಯುದ್ಧವಿಮಾನಗಳಿಗೆ ಮತ್ತಷ್ಟು ಬಿಲಿಯನ್ ಡಾಲರ್ ಕೊಡುತ್ತೇನೆ ಎಂದಿದೆ. ಡ್ಯಾಂಡಿನಾಂಗ್‌ನ ನಮ್ಮ ಫ್ಯಾಕ್ಟರಿಯಲ್ಲಿ ಆ ವಿಮಾನಗಳ ರೆಕ್ಕೆಯ ಒಂದು ಭಾಗ ತಯಾರಾಗಬೇಕು. ಮಧ್ಯಾಹ್ನ ಎಲ್ಲರಿಗೂ ಪಿಜ್ಜಾ ಹಂಚಿದರು. ನಾನು ಇಲ್ಲಿ ಹನ್ನೆರಡು ವರ್ಷದಿಂದ ಇನ್ಸ್‌ಪೆಕ್ಟರ್. ಈ ದೇಶಕ್ಕೆ ಬರುವ ಮೊದಲು ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿ ಇದೇ ಕೆಲಸ. ರಂಧ್ರ ಕೂದಲೆಳೆಯಷ್ಟು ಓರೆಯಾದರೂ ಕೆಂಪು ಚೀಟಿ ಕಟ್ಟುವವನು ನಾನು.

ಹೊಸ ಶೆಡ್ಡಿಗೆ ಕಾಲಿಡಲು ದೊಡ್ಡ ಮಟ್ಟದ ಕ್ಲಿಯರೆನ್ಸ್ ಬೇಕಂತೆ. ಅಂದರೆ ಈ ಬದರಿನಾಥ ನಂಬಿಕಸ್ಥ ಎಂದು ಸರ್ಕಾರ ಬರೆದು ಕೊಡಬೇಕು. ಹಳೆಯ ಶೆಡ್ಡು ಕ್ರಿಸ್‌ಮಸ್‌ಗೆ ಮುಚ್ಚುತ್ತದೆ. ಕ್ಲಿಯರೆನ್ಸ್ ಇದ್ದರೆ ಕೆಲಸ, ಇಲ್ಲದಿದ್ದರೆ ಐವತ್ತನಾಲ್ಕರ ವಯಸ್ಸಿನಲ್ಲಿ ಮತ್ತೆ ಬಾಗಿಲು ತಟ್ಟುವ ಕೆಲಸ. ಅದಕ್ಕೇ ಆ ಫಾರಂ. ಅದರಲ್ಲಿ ನನ್ನ ಬಗ್ಗೆ ಹೇಳಬಲ್ಲ ಇಬ್ಬರ ಹೆಸರು ಕೇಳಿದ್ದರು. ಗ್ಲೆನ್ ವೇವರ್ಲಿಯ ಗೆಳೆಯ ಸುದರ್ಶನ್, ನಮ್ಮ ಸೂಪರ್‌ವೈಸರ್ ಕ್ರೇಗ್ ಎಂದು ಬರೆದೆ.

ಆಗಸ್ಟ್ 17, ಭಾನುವಾರ

ಮಗಳು ಮಧುರಾ ಸಿಡ್ನಿಯಿಂದ ಫೋನ್ ಮಾಡಿದ್ದಳು. ಪ್ಯಾರಮಟ್ಟಾದಲ್ಲಿ ಫ್ಲ್ಯಾಟು, ಆಸ್ಪತ್ರೆಯಲ್ಲಿ ಫಿಸಿಯೋ. ವಿಮಾನದ ಸುದ್ದಿ ಕೇಳಿದವಳೇ ಶುರು ಮಾಡಿದಳು.

"ಅಪ್ಪಾ, ಸೀರಿಯಸ್ಲೀ? ನಮ್ಮಲ್ಲಿ ಪೇಷಂಟ್ಸ್ ಕಾರಿಡಾರ್‌ನಲ್ಲಿ ಮಲಗಿದ್ದಾರೆ. ಒಂದು ಪ್ಲೇನ್ ಕಮ್ಮಿ ತಗೊಂಡ್ರೆ ಇಡೀ ವಾರ್ಡ್ ಬರುತ್ತೆ. ಇಟ್ಸ್ ಅಬ್ಸರ್ಡ್!"

"ಆ ಪ್ಲೇನ್ ದುಡ್ಡಲ್ಲೇ ಕಣಮ್ಮ ನೀನು ಓದಿದ್ದು" ಎಂದೆ. ಅಮ್ಮನಿಗೆ ಫೋನ್ ಕೊಡು ಎಂದಳು. ಗೆದ್ದೆ ಎಂದುಕೊಂಡೆ. ಆಮೇಲೆ ಊಟ ಮಾಡುವಾಗ ಹೆಂಡತಿ ಸುಜಾತಾ, "ಮಗು ಕೇಳಿದ್ದಕ್ಕೆ ನೀವು ಉತ್ತರ ಹೇಳಲೇ ಇಲ್ಲ" ಎಂದಳು. ಇವಳು ವೃದ್ಧರ ಆರೈಕೆ ಮನೆಯಲ್ಲಿ ಕೆಲಸ ಮಾಡುತ್ತಾಳೆ. ಅಮ್ಮ ಮಗಳು ಒಂದೇ ಪಾರ್ಟಿ.

ಆಗಸ್ಟ್ 21, ಗುರುವಾರ

ಲಂಚ್ ರೂಮಿನ ರೇಡಿಯೋದಲ್ಲಿ ಯಾವನೋ ಸಂಸದ ಕೂಗಾಡುತ್ತಿದ್ದ. ಇಷ್ಟೊಂದು ದುಡ್ಡು ಸುರಿದು ಮಾಡುವ ವಿಮಾನದ ರೆಕ್ಕೆ ಮುಟ್ಟುವ ಕೈ ಯಾರದು, ಆ ಕೈಗಳು ಎಲ್ಲಿಂದ ಬಂದವು, ಯಾರಾದರೂ ಕೇಳಿದ್ದಾರೆಯೇ ಎಂದು. ಎಲ್ಲರೂ ತಟ್ಟೆ ನೋಡಿಕೊಂಡು ತಿಂದರು. ನಾನು ನನ್ನ ಕೈ ನೋಡಿಕೊಂಡೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವ ಹಾಗೆ. ಕದ್ದವನು ನಾನಲ್ಲ, ಆದರೂ.

ಸಂಜೆ ಹೊತ್ತಿಗೆ ಮ್ಯಾನೇಜ್‌ಮೆಂಟಿನಿಂದ ಮೇಲ್: ಹೊರದೇಶದಲ್ಲಿ ಹುಟ್ಟಿದ ಎಲ್ಲರ ಕಾಗದಪತ್ರ ಮತ್ತೊಮ್ಮೆ ಪರಿಶೀಲಿಸಲಾಗುವುದು, ಸಹಕರಿಸಿ.

ಆಗಸ್ಟ್ 24, ಭಾನುವಾರ

ಪಕ್ಕದ ಮನೆಯವರದು ವಿಪರೀತವಾಯಿತು. ಹಾವೇರಿ ಕಡೆಯ ಇಂದ್ರೇಶ್, ಅವನ ಹೆಂಡತಿ ಸಂಯುಕ್ತಾ, ಜೊತೆಗೆ ಇನ್ನೂ ನಾಲ್ಕು ಜನ. ಮೂರು ಬೆಡ್‌ರೂಮಿಗೆ ಆರು ಜನ! ಸ್ಟೂಡೆಂಟ್ ವೀಸಾ, ದಿನವೆಲ್ಲ ಗೋದಾಮಿನಲ್ಲಿ ಕೆಲಸ. ಬಾಗಿಲ ಮುಂದೆ ಮಠದ ಹಾಗೆ ಚಪ್ಪಲಿ ರಾಶಿ. ಸಂಯುಕ್ತಾ ಕೌನ್ಸಿಲ್‌ನ ಫುಟ್‌ಪಾತಿನ ಮೇಲೆ ರಂಗೋಲಿ ಇಟ್ಟಿದ್ದಾಳೆ. ಸ್ಪೀಕರ್ ಫೋನಿನಲ್ಲಿ ಮಾತಾಡಿದರೆ ನಮ್ಮ ಬಡಾವಣೆ ಕ್ರಾನ್‌ಬರ್ನ್‌ಗೆಲ್ಲ ಕೇಳಬೇಕು.

ಬರುವ ಭಾನುವಾರ ವಲಸಿಗರ ವಿರುದ್ಧ ಮೆರವಣಿಗೆಯಂತೆ, ಇಲ್ಲೂ ಸಿಡ್ನಿಯಲ್ಲೂ. ಅದು ತಪ್ಪೇ, ಒಪ್ಪುತ್ತೇನೆ. ಆದರೆ ಇಂಥವರನ್ನು ನೋಡಿ ನೋಡಿಯೇ ಅವರಿಗೆ ತಲೆ ಕೆಡುವುದು. ನಾವು ಬಂದಾಗ ಹೀಗಿರಲಿಲ್ಲ. ನಾವು ನಮ್ಮ ಪಾಡಿಗೆ ಇದ್ದೆವು.

ಆಗಸ್ಟ್ 31, ಭಾನುವಾರ

ಇಡೀ ದಿನ ಮನೆಯಲ್ಲೇ. ಸುಜಾತಾ ಟಿವಿ ಹಾಕಿದಳು, ನಾನು ಆರಿಸಿದೆ, ಮತ್ತೆ ಹಾಕಿದಳು. ಮೆರವಣಿಗೆ, ಊರೆಲ್ಲ ಆಸ್ಟ್ರೇಲಿಯಾದ ಬಾವುಟ. ಕೆಲವರ ಕೈಯಲ್ಲಿದ್ದ ಕಾಗದದಲ್ಲಿ ನಮ್ಮ ದೇಶದ ಹೆಸರೇ ಇತ್ತು. ಮಧುರಾಗೆ ಫೋನ್ ಮಾಡಿ ಹೊರಗೆ ಹೋಗಬೇಡ ಎಂದೆ. "ಡ್ಯೂಟಿ ಇದೆ ಅಪ್ಪಾ, ಹೋಗಲೇಬೇಕು" ಎಂದಳು. ಅವಳು ಮನೆ ಸೇರಿದೆ ಎಂದು ಮೆಸೇಜ್ ಹಾಕುವವರೆಗೆ ಕೂತಲ್ಲಿ ಕೂರಲಾಗಲಿಲ್ಲ.

ಕ್ರೇಗ್‌ನ ಯೂಟ್ ಪಿಕಪ್ ಗಾಡಿಯ ಹಿಂದೆ ಶುಕ್ರವಾರವೇ ದೊಡ್ಡ ಬಾವುಟ ಕಟ್ಟಿತ್ತು.

ಸೆಪ್ಟೆಂಬರ್ 3, ಬುಧವಾರ

ಬೆಳಗ್ಗೆ ಕ್ರಾನ್‌ಬರ್ನ್ ಸ್ಟೇಷನ್. ಸಂಯುಕ್ತಾ ನನಗಿಂತ ಇಪ್ಪತ್ತು ಹೆಜ್ಜೆ ಮುಂದೆ ನಿಂತು ಊರಿಗೆ ಫೋನ್ ಮಾಡಿ ಮಾತಾಡುತ್ತಿದ್ದಳು. ಇಬ್ಬರು ಗಂಡಸರು ಬಂದರು. ಇಂಗ್ಲಿಷಿನಲ್ಲಿ ಮಾತಾಡು, ಇಲ್ಲ ನಿನ್ನ ದೇಶಕ್ಕೆ ಹೋಗು ಎಂದು ಒಬ್ಬ ಮುಖದ ಹತ್ತಿರ ಬಂದು ಅರಚಿದ. ಇನ್ನೊಬ್ಬ ಮೊಬೈಲಿನಲ್ಲಿ ತೆಗೆಯುತ್ತಿದ್ದ. ಅವಳು ಫೋನ್ ಕೆಳಗಿಳಿಸಿ ಸುತ್ತ ನೋಡಿದಳು. ನನ್ನನ್ನು ನೋಡಿದಳು.

ನಾನು ಕೈಯಲ್ಲಿದ್ದ ಫೋನ್ ನೋಡುತ್ತಾ ನಿಂತೆ.

ಕ್ಲಿಯರೆನ್ಸ್ ಬರುವವರೆಗೆ ಯಾವ ರಗಳೆಯಲ್ಲೂ ನನ್ನ ಹೆಸರು ಬರಕೂಡದು. ಪೊಲೀಸ್, ವಿಡಿಯೋ, ಯಾವುದೂ. ಇದು ನ್ಯಾಯವಾದ ಕಾರಣವೇ. ಯಾರೋ ಒಬ್ಬ ಆಸ್ಟ್ರೇಲಿಯನ್ ಹೆಂಗಸು ಮಧ್ಯೆ ಬಂದು ಅವರನ್ನು ಬೈದು ಕಳಿಸಿದಳು. ಹಾಗಾಗಿ ಏನೂ ಆಗಲಿಲ್ಲ.

ಸೆಪ್ಟೆಂಬರ್ 4, ಗುರುವಾರ

ಏನೂ ಆಗಲಿಲ್ಲ ಎಂದು ಬರೆದದ್ದು ಸುಳ್ಳು.

ಸೆಪ್ಟೆಂಬರ್ 9, ಮಂಗಳವಾರ

ಕ್ಲಿಯರೆನ್ಸಿನವರ ಪತ್ರ ಬಂತು. ನಿಮ್ಮ ಜನ್ಮದಿನಾಂಕದ ಬಗ್ಗೆ ಒಂದಕ್ಕೊಂದು ಹೊಂದದ ಮಾಹಿತಿ ನಮಗೆ ಬಂದಿದೆ, ಇಪ್ಪತ್ತೊಂಬತ್ತನೆಯ ತಾರೀಖು ಸಿಡ್ನಿಯ ಕಚೇರಿಗೆ ಬಂದು ವಿವರಣೆ ಕೊಡಿ. ಅಲ್ಲಿಯವರೆಗೆ ರೆಕ್ಕೆಯ ಹತ್ತಿರ ಹೋಗುವಂತಿಲ್ಲ. ಹೊರಗಿನ ಸ್ಟೋರಿನಲ್ಲಿ ಕೂತು ಬೋಲ್ಟ್ ಡಬ್ಬಿಗಳಿಗೆ ಲೇಬಲ್ ಅಂಟಿಸುತ್ತಿದ್ದೇನೆ.

ವಿಷಯ ಇಷ್ಟು. ನಾನು ಹುಟ್ಟಿದ್ದು ಎಪ್ಪತ್ತೊಂದನೆಯ ಇಸವಿ, ಕಾರ್ತಿಕದಲ್ಲಿ ತುಳಸಿ ಹಬ್ಬದ ದಿನ. ಮಾಗಡಿಯ ಶಾಲೆಗೆ ಸೇರಿಸಲು ಅಪ್ಪ ಕರೆದುಕೊಂಡು ಹೋದಾಗ ಒಂದನೇ ತರಗತಿಗೆ ಬೇಕಿದ್ದ ಐದು ವರ್ಷ ಹತ್ತು ತಿಂಗಳಿಗೆ ಮೂರು ತಿಂಗಳು ಕಮ್ಮಿ. ಉತ್ತರ ಕರ್ನಾಟಕದ ಕಡೆಯಿಂದ ಬಂದಿದ್ದ ಹೆಡ್ ಮಾಸ್ತರು ಬಸವಣ್ಣೆಪ್ಪನವರು ನನ್ನ ಕಿವಿ ಹಿಡಿದು, "ಹುಡುಗ ಚುರುಕದಾನ, ಒಂದ್ ವರ್ಷ ಯಾಕ ಹಾಳ ಮಾಡಬೇಕ್ರಿ" ಎಂದು ಜೂನ್ ಒಂದು ಎಂದು ಬರೆದುಬಿಟ್ಟರು. ನಮ್ಮ ತರಗತಿಯಲ್ಲಿ ಅರ್ಧ ಜನ ಜೂನ್ ಒಂದಕ್ಕೇ ಹುಟ್ಟಿದವರು. ಸರ್ಟಿಫಿಕೇಟು, ಪಾಸ್‌ಪೋರ್ಟು, ಇಲ್ಲಿನ ಸಿಟಿಜನ್‌ಶಿಪ್ಪು, ಎಲ್ಲದರಲ್ಲೂ ಅದೇ. ಮನೆಯಲ್ಲಿ ಮಾತ್ರ ತುಳಸಿ ಹಬ್ಬದ ದಿನ ಪಾಯಸ. ಐವತ್ತು ವರ್ಷ ಇದು ಯಾರಿಗೂ ವಿಚಿತ್ರ ಅನ್ನಿಸಿರಲಿಲ್ಲ.

ಇದನ್ನು ಅವರಿಗೆ ಹೇಳಿದವರು ಯಾರು? ಹೋದ ನವೆಂಬರಿನಲ್ಲಿ ಸುಜಾತಾ ಕಟ್ಟಿಕೊಟ್ಟ ಕೊಬ್ಬರಿ ಮಿಠಾಯಿಯನ್ನು ಫ್ಯಾಕ್ಟರಿಗೆ ಒಯ್ದಿದ್ದೆ. ಏನು ವಿಶೇಷ ಎಂದು ಕೇಳಿದವನು ಕ್ರೇಗ್. ನನ್ನ ಹುಟ್ಟುಹಬ್ಬ ಎಂದಿದ್ದೆ. ನಾಲ್ಕು ತಿಂದಿದ್ದ. ಬಾವುಟ ಕಟ್ಟಿದವನು ಅವನು, ಮಿಠಾಯಿ ತಿಂದವನು ಅವನು. ಇನ್ನೇನು ಬೇಕು, ಅಂಗೈ ಹುಣ್ಣಿಗೆ ಕನ್ನಡಿಯೇ?

ಸೆಪ್ಟೆಂಬರ್ 16, ಮಂಗಳವಾರ

ಕ್ರೇಗ್ ಸ್ಟೋರಿಗೆ ಬಂದು ಹೇಗಿದ್ದೀ ಎಂದ. ಲೇಬಲ್ ಅಂಟಿಸುತ್ತಿದ್ದೇನೆ ಎಂದೆ. ಹೋದ.

ಡಬ್ಬಿಯಲ್ಲಿ ಹುಳಿಯನ್ನ ಬೇಡ, ಬ್ರೆಡ್ ಸಾಕು ಎಂದು ಸುಜಾತಾಗೆ ಹೇಳಿದ್ದೇನೆ. ರೈಲಿನಲ್ಲಿ ಅವಳ ಫೋನ್ ಬಂದರೆ ಎತ್ತುವುದಿಲ್ಲ.

ಸೆಪ್ಟೆಂಬರ್ 20, ಶನಿವಾರ

ಸುಜಾತಾ ಪಕ್ಕದ ಮನೆಗೆ ಹೋಗಿದ್ದಳಂತೆ. ಬಂದವಳು ಚೀಲ ಕೆಳಗಿಟ್ಟು, "ಸ್ಟೇಷನ್‌ನಲ್ಲಿ ನೀವೂ ಇದ್ರಂತೆ?" ಎಂದಳು.

"ಅವಳು ಹೇಳಿದ್ಲಾ?"

"ಅವಳು ಏನೂ ಹೇಳ್ಲಿಲ್ಲ. ಇಂದ್ರೇಶ್ ಕೇಳ್ದ, ಆಂಟಿ, ಅಂಕಲ್‌ಗೆ ಏನೂ ಆಗ್ಲಿಲ್ಲ ತಾನೇ ಅಂತ."

ಸುಜಾತಾ ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಬೈಯಲಿಲ್ಲ. ಹಿತ್ತಲಿಗೆ ಹೋಗಿ ಹುಲ್ಲು ಕತ್ತರಿಸಿದೆ. ಪಕ್ಕದವರ ಬೇಲಿಯ ಕಡೆಯ ಹುಲ್ಲನ್ನೂ ಕತ್ತರಿಸಿದೆ.

ಸೆಪ್ಟೆಂಬರ್ 28, ಭಾನುವಾರ, ಪ್ಯಾರಮಟ್ಟಾ

ಮಗಳ ಫ್ಲ್ಯಾಟಿನಲ್ಲಿದ್ದೇನೆ. ನಾಳೆ ಹತ್ತೂವರೆಗೆ ವಿಚಾರಣೆ. ಹದಿನಾಲ್ಕನೆಯ ಮಹಡಿಯ ಬಾಲ್ಕನಿಯಿಂದ ಕೆಳಗೆ ಲೈಟ್ ರೈಲು ಕಾಣುತ್ತದೆ. ಮಧುರಾ ಬಿಸಿಬೇಳೆಬಾತ್ ಮಾಡಿದ್ದಳು. ಉಪ್ಪು ಕಮ್ಮಿ, ಹೇಳಲಿಲ್ಲ.

ಮಾತು ಮತ್ತೆ ವಿಮಾನಕ್ಕೇ ಬಂತು. ಇಷ್ಟೊಂದು ವಿಮಾನ ಯಾಕೆ ಬೇಕು ಎಂದು ಅವಳು. ಅದನ್ನು ತೀರ್ಮಾನಿಸುವವನು ನಾನಲ್ಲ, ನನ್ನ ಕೆಲಸ ರಂಧ್ರ ನೋಡುವುದು ಎಂದು ನಾನು.

"ಯು ನೋ ವಾಟ್ ಅಪ್ಪಾ, ಜನಕ್ಕೆ ಭಯ ಹುಟ್ಟಿಸಿದ್ರೇನೇ ಪ್ಲೇನ್ ಕೊಳ್ಳೋಕೆ ವೋಟ್ ಬೀಳೋದು. ಹೊರಗಿನವರ ಭಯ. ಆಮೇಲೆ ಅದೇ ಭಯ ಒಳಗಿರೋ ನಿನ್ನ ಮೇಲೆ ತಿರುಗುತ್ತೆ. ನಿನಗೆ ಕೋಪ ಬರಲ್ವಾ?"

ಬರುತ್ತದೆ ಎಂದೆ. ಬಾಯಿಂದ ಬಂದ ಮೇಲೆ ನನಗೇ ಆಶ್ಚರ್ಯವಾಯಿತು. "ಆದ್ರೆ ನಿನ್ನ ವಾರ್ಡಿನ ಲೆಕ್ಕ ಅವತ್ತು ನಾನು ಕೇಳಿಸ್ಕೊಳ್ಲಿಲ್ಲ, ಈಗ ಹೇಳು" ಎಂದೆ. ಕಾರಿಡಾರಿನಲ್ಲಿ ಎರಡು ದಿನ ಮಲಗಿದ್ದ ಎಂಬತ್ತರ ಮುದುಕಿಯ ಕಥೆ ಹೇಳಿದಳು. ಕೇಳಿದೆ. ಈಗಲೂ ನನಗೆ ಆ ಕೆಲಸ ಬೇಕು. ಮುದುಕಿಗೆ ಮಂಚವೂ ಬೇಕು. ಎರಡನ್ನೂ ಒಟ್ಟಿಗೆ ಹೇಗೆ ಹೇಳಬೇಕೋ ತಿಳಿಯದು.

ನಾಳೆಯ ಕಾಗದಗಳನ್ನು ಮೂರನೆಯ ಸಲ ಎಣಿಸಿಟ್ಟೆ.

ಸೆಪ್ಟೆಂಬರ್ 29, ಸೋಮವಾರ, ಪ್ಯಾರಮಟ್ಟಾ

ಬರೆಯಬೇಕು, ನಗು ನಿಲ್ಲುತ್ತಿಲ್ಲ.

ಸಣ್ಣ ಕೋಣೆ. ಟೈಪ್ ಮಾಡಲು ಒಬ್ಬ ನರೆಗೂದಲಿನವನು. ಪ್ರಶ್ನೆ ಕೇಳಲು ಮಿಸ್ ಟ್ರಾನ್ ಎಂಬ ನಲವತ್ತರ ಹೆಂಗಸು, ವಿಯೆಟ್ನಾಂ ಮೂಲದವಳು. ಮುಖದಲ್ಲಿ ನಗುವಿನ ಗೆರೆಯೂ ಇಲ್ಲ.

"ದಾಖಲೆಯಲ್ಲಿ ಜೂನ್ ಒಂದು. ಆದರೆ ಹೋದ ವರ್ಷ ನೀವು ಹುಟ್ಟುಹಬ್ಬ ಮಾಡಿಕೊಂಡದ್ದು ನವೆಂಬರ್ ಹದಿಮೂರಕ್ಕೆ. ಅದರ ಹಿಂದಿನ ವರ್ಷ ನವೆಂಬರ್ ಇಪ್ಪತ್ನಾಲ್ಕಕ್ಕೆ. ಯಾವುದು ನಿಜ?"

"ಮೂರೂ" ಎಂದೆ. ಬೇರೆ ಏನು ಹೇಳಲಿ!

ಟೈಪ್ ಮಾಡುವವನ ಕೈ ನಿಂತಿತು. ಆಕೆ ಕಾಗದ ತಿರುವಿದಳು. "ಒಂದು ಗಿಡಕ್ಕೆ ಮದುವೆ ಮಾಡುವ ದಿನ ನೀವು ಹುಟ್ಟಿದ್ದು ಎಂದು ಇಲ್ಲಿದೆ. ಇದು ಏನಾದರೂ ಸಂಕೇತವೇ?"

ಆಗ ಹೊಳೆಯಿತು. ಗಿಡದ ಮದುವೆ! ಕ್ರೇಗ್‌ಗೆ ತುಳಸಿ ಮದುವೆ ಎಲ್ಲಿಂದ ಗೊತ್ತಿರಬೇಕು? ಫೋನಿನಲ್ಲಿ ಸರ್ಕಾರದವರು ಸಿಕ್ಕರೂ ಅವರಿಗೆ ಪಂಚಾಂಗ ಬಿಡಿಸಿ ಹೇಳುವ ಮನುಷ್ಯ ಭೂಮಿಯ ಮೇಲೆ ಒಬ್ಬನೇ. ಗ್ಲೆನ್ ವೇವರ್ಲಿಯ ಸುದರ್ಶನ್. ಪ್ರತಿವರ್ಷ ಹೆಂಡತಿ ಶರ್ಮಿಳಾ ಜೊತೆ ಪಾಯಸಕ್ಕೆ ಬರುವವನು.

ಬಸವಣ್ಣೆಪ್ಪನವರ ಕಥೆಯನ್ನು ಮೊದಲಿನಿಂದ ಹೇಳಿದೆ. ಕಿವಿ ಹಿಡಿದದ್ದನ್ನೂ ಹೇಳಿದೆ. ಚಂದ್ರನ ಲೆಕ್ಕದಲ್ಲಿ ತಾರೀಖು ವರ್ಷ ವರ್ಷ ಜಾರುತ್ತದೆ ಎಂದೆ. ಮಿಸ್ ಟ್ರಾನ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. "ನನ್ನ ಅಪ್ಪ, ಇಬ್ಬರು ಚಿಕ್ಕಪ್ಪಂದಿರು, ಅತ್ತೆ, ನಾಲ್ವರೂ ಹುಟ್ಟಿದ್ದು ಜನವರಿ ಒಂದಕ್ಕೆ" ಎಂದಳು. "ದೋಣಿಯಿಂದ ಇಳಿದಾಗ ನಿರಾಶ್ರಿತರ ಕ್ಯಾಂಪಿನ ಗುಮಾಸ್ತ ಬರೆದುಕೊಂಡದ್ದು ಹಾಗೆ. ಹೊಸ ವರ್ಷದ ದಿನ ನಮ್ಮ ಮನೆಯಲ್ಲಿ ನಾಲ್ಕು ಕೇಕು." ಮುಖ ಮತ್ತೆ ಬಿಗಿ ಮಾಡಿಕೊಂಡು, ಇದನ್ನೆಲ್ಲ ಪ್ರಮಾಣ ಮಾಡಿ ಬರೆದು ಕೊಡಿ ಎಂದಳು. ಟೈಪಿನವನು ಮಾತ್ರ ಬಾಗಿಲವರೆಗೆ ಬಂದು, "ಗಂಡು ಯಾರು? ಗಿಡಕ್ಕೆ?" ಎಂದು ಮೆಲ್ಲಗೆ ಕೇಳಿದ.

ಹೊರಗೆ ಕಾಯುತ್ತಿದ್ದ ಮಧುರಾ ನನ್ನ ಮುಖ ನೋಡಿ ಅಳಲು ಶುರು ಮಾಡಿದಳು. ಅಳಬೇಡವೇ, ಎಲ್ಲ ಆ ಸುದರ್ಶನ್ ಅಂಕಲ್ ಕಿತಾಪತಿ ಎಂದೆ. ಅಲ್ಲಿಂದಲೇ ಅವನಿಗೆ ಫೋನ್.

"ಅಯ್ಯೋ ಮಾರಾಯ, ಸುಳ್ಳು ಹೇಳಿದ್ರೆ ಜೈಲು ಅಂತ ಮೊದಲೇ ಓದಿ ಹೇಳಿದ್ರು! ಇವನು ಹುಟ್ಟಿದ್ದು ಯಾವಾಗ ಅಂತ ಕೇಳಿದ್ರು, ಇದ್ದದ್ದು ಹೇಳ್ದೆ. ಶರ್ಮಿಳಾ ಪಕ್ಕದಲ್ಲೇ ಇದ್ದು ತಾರೀಖು ನೆನಪು ಮಾಡಿಕೊಟ್ಲು. ನಿನಗೆ ಒಳ್ಳೇದಾಗ್ಲಿ ಅಂತ ವಿವರವಾಗಿ ಹೇಳಿದೆ ಕಣೋ."

ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಮಗಳ ಜೊತೆ ಪ್ಯಾರಮಟ್ಟಾದ ಬೀದಿಯಲ್ಲಿ ದೋಸೆ ತಿಂದೆ. ಜೋರಾಗಿ ಕನ್ನಡದಲ್ಲೇ ಮಾತಾಡಿದೆನಂತೆ. ಅವಳು ಹೇಳಿದ ಮೇಲೇ ಗೊತ್ತಾದದ್ದು.

ಅಕ್ಟೋಬರ್ 5, ಭಾನುವಾರ

ಪಕ್ಕದ ಮನೆಗೆ ಹೋದೆ. ಸಂಯುಕ್ತಾ ಒಬ್ಬಳೇ ಇದ್ದಳು. ಏನೇನೋ ಸಿದ್ಧ ಮಾಡಿಕೊಂಡು ಹೋಗಿದ್ದೆ. ಕೊನೆಗೆ ಬಂದದ್ದು, "ಅವತ್ತು ನಾನು ಅಲ್ಲೇ ಇದ್ದೆ ಕಣಮ್ಮ. ಬರಬೇಕಿತ್ತು. ಬರಲಿಲ್ಲ" ಅಷ್ಟೇ.

"ಗೊತ್ತೈತ್ರಿ ಅಂಕಲ್" ಎಂದಳು. "ನೀವೂ ಅಂಜಿದ್ರಿ. ನಾನೂ ಅಂಜಿದ್ದೆ. ಒಳಗ ಬರ್ರಿ, ಚಾ ಮಾಡ್ತೀನಿ."

ಕ್ಷಮಿಸಿದ್ದಾಳೋ ಇಲ್ಲವೋ ಕೇಳಲಿಲ್ಲ. ಚಾ ಕುಡಿದೆ. ಒಲೆಯ ಪಕ್ಕ ಯಾರ ಸರದಿ ಯಾವ ದಿನ ಅಡುಗೆ ಎಂದು ಪಟ್ಟಿ ಅಂಟಿಸಿದ್ದಾರೆ. ಅಚ್ಚುಕಟ್ಟಾದ ಹುಡುಗರು ನಮ್ಮವರು.

ಅಕ್ಟೋಬರ್ 14, ಮಂಗಳವಾರ

ಬಂತು! ಕ್ಲಿಯರೆನ್ಸ್ ಬಂತು. ಹನ್ನೊಂದು ಗಂಟೆಗೆ ಮೇಲ್, ಹನ್ನೊಂದೂವರೆಗೆ ಹೊಸ ಶೆಡ್ಡಿನ ಕಾರ್ಡು. ಸುಜಾತಾಗೆ ಫೋನಿನಲ್ಲಿ ಹೇಳಿದರೆ ಅವಳು ಆರೈಕೆ ಮನೆಯ ಅಜ್ಜಿಯರಿಗೆಲ್ಲ ಹೇಳಿದಳಂತೆ. ಅವರೆಲ್ಲ ಚಪ್ಪಾಳೆ ತಟ್ಟಿದರಂತೆ, ಯಾಕೆಂದು ತಿಳಿಯದೆಯೇ.

ಅಕ್ಟೋಬರ್ 16, ಗುರುವಾರ

ಕ್ರೇಗ್ ಚಹಾದ ಲೋಟ ಹಿಡಿದುಕೊಂಡು ನನ್ನ ಮೇಜಿಗೇ ಬಂದು ಕೂತ. ಒಂದು ತಿಂಗಳಿಂದ ನಾನು ಅವನ ಮುಖ ನೆಟ್ಟಗೆ ನೋಡಿರಲಿಲ್ಲ. ಆ ಮುಖಕ್ಕೆ ಮನಸ್ಸಿನಲ್ಲಿ ಅಂದದ್ದೆಲ್ಲ ನೆನಪಾಗಿ ನಾಚಿಕೆಯಾಯಿತು.

"ನನಗೂ ಫೋನ್ ಬಂದಿತ್ತು, ನಲವತ್ತು ನಿಮಿಷ" ಎಂದ. "ನಿನ್ನ ಹುಟ್ಟುಹಬ್ಬ ಕೇಳಿದರು, ನೆನಪಿಲ್ಲ ಎಂದೆ. ನನ್ನ ಮಗ ಏರ್‌ಫೋರ್ಸಿನಲ್ಲಿದ್ದಾನೆ. ಈ ಮನುಷ್ಯ ನೋಡಿ ಸಹಿ ಹಾಕಿದ ರೆಕ್ಕೆಯಲ್ಲಿ ಅವನು ಹಾರಿದರೆ ನಾನು ನಿಶ್ಚಿಂತೆಯಾಗಿ ಮಲಗುತ್ತೇನೆ ಎಂದೆ."

ಥ್ಯಾಂಕ್ಸ್ ಎಂದೆ.

"ಆ ಮೆರವಣಿಗೆಗೂ ಹೋಗಿದ್ದೆ, ನಿನಗೆ ಗೊತ್ತಿರಬಹುದು" ಎಂದ. "ಅದು ನಿನ್ನಂಥವರ ಬಗ್ಗೆ ಅಲ್ಲ, ಮೇಟ್. ನೀನು ಬೇರೆ. ಮನೆಗೆ ಏಳೆಂಟು ಜನ ತುಂಬಿಕೊಳ್ಳುತ್ತಾರಲ್ಲ, ಅಂಥವರ ಬಗ್ಗೆ."

ಹೌದು ಹೌದು ಎಂದುಬಿಟ್ಟಿದ್ದರೆ ಚಹಾ ಮುಗಿಯುತ್ತಿತ್ತು. ಆದರೆ ಬಾಯಿಗೆ ಬಂದದ್ದು ಬೇರೆ.

"ಎರಡು ಸಾವಿರದ ಆರರಲ್ಲಿ ಈ ಡ್ಯಾಂಡಿನಾಂಗ್ ಸ್ಟೇಷನ್ ಹಿಂದೆಯೇ ಒಂದು ಮನೆ ಇತ್ತು, ಕ್ರೇಗ್. ಏಳು ಜನ ಇದ್ದೆವು. ನಾಲ್ಕು ಹಾಸಿಗೆ, ಪಾಳಿಯ ಮೇಲೆ ಮಲಗುತ್ತಿದ್ದೆವು. ನಿಮ್ಮ ಮಗನ ರೆಕ್ಕೆ ನೋಡುವುದು ಆ ಮನೆಯವನೇ. ನಾನು ಬೇರೆ ಅಲ್ಲ."

ಅವನ ಮುಖ ಕೆಂಪಾಯಿತು. "ನಾನು ನಿನ್ನ ಪರವಾಗಿ ಹೇಳಿದೆನಲ್ಲ" ಎಂದ.

"ಹೇಳಿದಿರಿ, ಅದನ್ನು ಮರೆಯುವುದಿಲ್ಲ. ಆದರೆ ನೀವು ಅವತ್ತು ಮೆರವಣಿಗೆಯಲ್ಲಿ ನಡೆದದ್ದು ನನ್ನ ವಿರುದ್ಧವೇ."

ಆಮೇಲೆ ಎದ್ದು, ನನ್ನ ಖಾಲಿ ಲೋಟವನ್ನೂ ಎತ್ತಿಕೊಂಡು ಹೋಗಿ ತೊಳೆದಿಟ್ಟ. ಅದಕ್ಕೆ ಏನರ್ಥವೋ ಅವನಿಗೇ ಗೊತ್ತು. ಕ್ಲಿಯರೆನ್ಸ್ ಬಂದ ದಿನಕ್ಕಿಂತ ಇವತ್ತೇ ಮೈ ಹಗುರಾಗಿದೆ. ಯಾಕೋ ಗೊತ್ತಿಲ್ಲ.

ಹೆಂಡತಿ ಮಗಳು ಇಲ್ಲಿಗೆ ಬರುವ ಮೊದಲಿನ ಆ ಮನೆಯ ವಿಷಯ ಮಧುರಾಗೆ ಯಾವತ್ತೂ ಹೇಳಿರಲಿಲ್ಲ. ಸಂಜೆ ಫೋನ್ ಮಾಡಿ ಹೇಳಿದೆ. ನಂಬಲಿಲ್ಲ. "ಹೆಸರು ಹೇಳು ನೋಡೋಣ" ಎಂದಳು. ಕೋಲಾರದ ಜೀವನ್, ಲೂಧಿಯಾನದ ಹರ್‌ಪ್ರೀತ್, ಹೈದರಾಬಾದಿನ ಖಲೀಲ್, ಕೊಲಂಬೋದ ರುವಾನ್, ಕೊಚ್ಚಿಯ ಇಬ್ಬರು ಥಾಮಸ್‌ಗಳು. ಆರು ಆಯಿತು. ಏಳನೆಯವನ ಹೆಸರು ಎಷ್ಟು ತಲೆ ಕೆರೆದುಕೊಂಡರೂ ಬರಲಿಲ್ಲ. ಕಣ್ಣು ಮುಚ್ಚಿ ಹಾಸಿಗೆ ಹಾಸಿಗೆಯಾಗಿ ನೆನಪು ಮಾಡಿಕೊಂಡೆ. ಊಹೂಂ, ಆರೇ.

"ಅಪ್ಪಾ" ಎಂದಳು ಮಗಳು, "ಏಳನೆಯವನು ನೀನೇ ಅಲ್ವಾ?"